ದೊಡ್ಡಬಾಯಿ ನುಂಗಿದ ಮೂರು ಬಾಗಿಲು

ಕಾಲ ಇನ್ನೂ ಎಳೆಯದಾಗಿದ್ದಾಗ, ಏಳು ಬೆಟ್ಟಗಳ ಆಚೆ, ಕಂದರಾವತಿ ಎಂಬ ರಾಜ್ಯವಿತ್ತು. ಮಣಿಕೇತನೆಂಬ ರಾಜ ಅದನ್ನು ಆಳುತ್ತಿದ್ದ. ರಾಜಧಾನಿಯ ನಡುವೆ ನ್ಯಾಯದ ಮನೆಯಿತ್ತು. ಆ ಮನೆಗೆ ಮೂರು ಬಾಗಿಲು. ಒಂದು ಬಿದಿರಿನ ಬಾಗಿಲು, ಒಂದು ಕಬ್ಬಿಣದ ಬಾಗಿಲು, ಒಂದು ಕರಿಗಲ್ಲಿನ ಬಾಗಿಲು.

ಬೇರೆಯವರ ಹೊಲಕ್ಕೆ ದನ ಬಿಟ್ಟವನು, ಸಂತೆಯಲ್ಲಿ ಜುಟ್ಟು ಹಿಡಿದು ಜಗಳಾಡಿದವನು, ತೂಕದಲ್ಲಿ ಒಂದು ಹಿಡಿ ಕಡಿಮೆ ಕೊಟ್ಟವನು ಬಿದಿರಿನ ಬಾಗಿಲು ಹೊಗುತ್ತಿದ್ದ. ಬೈಸಿಕೊಂಡು, ಆದ ನಷ್ಟ ತುಂಬಿಕೊಟ್ಟು, ಕೆರೆಯ ಮೆಟ್ಟಿಲು ಗುಡಿಸಿ, ಸಂಜೆಗೆ ಮನೆ ಸೇರುತ್ತಿದ್ದ. ಮನೆಗೆ ಕನ್ನ ಹಾಕಿದವನು, ಕೈಕಾಲು ಮುರಿಯುವಂತೆ ಹೊಡೆದವನು, ಮೈಮರೆತು ಇನ್ನೊಬ್ಬರ ಜೀವ ಹೋಗಲು ಕಾರಣನಾದವನು ಕಬ್ಬಿಣದ ಬಾಗಿಲು ಹೊಗುತ್ತಿದ್ದ. ವರ್ಷಗಟ್ಟಲೆ ಒಳಗಿದ್ದು, ಕಲ್ಲು ಹೊತ್ತು, ತಲೆ ನರೆತು ಹೊರಗೆ ಬರುತ್ತಿದ್ದ. ತಿಳಿದು ತಿಳಿದು ಕೊಂದವನು ಕರಿಗಲ್ಲಿನ ಬಾಗಿಲು ಹೊಗುತ್ತಿದ್ದ. ಅವನು ಹೊರಗೆ ಬರುತ್ತಿರಲಿಲ್ಲ.

ಬಿದಿರಿನ ಬಾಗಿಲಿಗೆ ಮಾತಾಡುವ ಗಿಳಿಯೊಂದು ಕಾವಲು. ಕಬ್ಬಿಣದ ಬಾಗಿಲಿಗೆ ಮಾತಾಡುವ ಕರಡಿ. ಕರಿಗಲ್ಲಿನ ಬಾಗಿಲಿಗೆ ಮಾತಾಡುವ ಹುಲಿ. ಯಾರು ಯಾವ ಬಾಗಿಲು ಹೊಗಬೇಕೆಂದು ಹೇಳುವವಳು ಜಕ್ಕಬ್ಬೆ ಎಂಬ ಕಣ್ಣು ಕಾಣದ ಮುದುಕಿ. ಅವಳು ಯಾರೇ ಬಂದರೂ ಮೂರೇ ಪ್ರಶ್ನೆ ಕೇಳುತ್ತಿದ್ದಳು. "ಏನಾಯಿತು? ತಿಳಿದು ಮಾಡಿದೆಯಾ? ಅದನ್ನು ಸರಿಮಾಡಲು ಆಗುತ್ತದೆಯಾ?" ಕಂದರಾವತಿಯ ಜನ ಈ ಪ್ರಶ್ನೆಗಳನ್ನು ಕೇಳುತ್ತಲೇ ಬೆಳೆದವರು. ಅದರಲ್ಲಿ ದೊಡ್ಡದೇನೋ ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ರಾಜನಿಗೆ ಒಬ್ಬನೇ ಮಗ. ಹೆಸರು ಇಂದುಧರ. ಊರಾಚೆಯ ಬೆಟ್ಟದ ಮೇಲೆ ರಾಜನ ತೋಟವಿತ್ತು, ತೋಟದಲ್ಲಿ ಮೆಟ್ಟಿಲಬಾವಿ. ಬಾವಿಯ ಕದಕ್ಕೆ ಅಗಳಿ ಹಾಕುವ ಕೆಲಸ ತೋಟಗಾರ ಪೂವಣ್ಣನದು. ಒಂದು ದಿನ ಅವನು ಅಗಳಿ ಹಾಕಲು ಮರೆತ. ಚೆಂಡಿನ ಹಿಂದೆ ಓಡಿದ ಮಗು ಬಾವಿಗೆ ಬಿತ್ತು.

ಪೂವಣ್ಣ ತಾನೇ ಬಂದು ಜಕ್ಕಬ್ಬೆಯ ಮುಂದೆ ನೆಲಕ್ಕೆ ಬಿದ್ದ. ಅವಳು ಮೂರು ಪ್ರಶ್ನೆ ಕೇಳಿದಳು. ಆಮೇಲೆ, "ಕಬ್ಬಿಣದ ಬಾಗಿಲು" ಎಂದಳು.

ರಾಜ ಎದ್ದು ನಿಂತ. "ನನ್ನ ಮಗ ಸತ್ತಿದ್ದಾನೆ. ಇವನಿಗೆ ನಡುವಿನ ಬಾಗಿಲೇ?"

"ಪ್ರಭು, ಅವನು ಮರೆತ. ಕೊಲ್ಲಲಿಲ್ಲ."

"ನನ್ನ ಮಗ ಅರ್ಧ ಸತ್ತಿದ್ದಾನೆಯೇ, ಅರ್ಧ ಶಿಕ್ಷೆ ಕೊಡಲು? ಸಾಕು! ಇನ್ನು ನನ್ನ ರಾಜ್ಯದಲ್ಲಿ ತಪ್ಪಿಗೆ ಚಿಕ್ಕದು ದೊಡ್ಡದು ಇಲ್ಲ. ತಪ್ಪೆಂದರೆ ತಪ್ಪು!"

ಈ ಮಾತಿಗಾಗಿಯೇ ಒಬ್ಬ ಬಹುಕಾಲದಿಂದ ಕಾಯುತ್ತಿದ್ದ. ಅವನೇ ಧೂಮಜಟಿ ಎಂಬ ಮಾಂತ್ರಿಕ. ರಾಜನ ಬಾಯಿಂದ ಮಾತು ಬಿದ್ದ ಕ್ಷಣವೇ ಅವನು ಸಭೆಯ ನಡುವೆ ಹೊಗೆಯಂತೆ ಎದ್ದು ನಿಂತ. "ಮಹಾರಾಜ, ದುಃಖಕ್ಕೆ ಮೂರು ಪಾಲಿಲ್ಲ. ನ್ಯಾಯಕ್ಕೇಕೆ ಮೂರು ಬಾಗಿಲು? ನಿನ್ನ ಮಾತಿಗೆ ನಾನು ಮೈ ಕೊಡುತ್ತೇನೆ" ಎಂದು ಕೈಯೆತ್ತಿದ. ಮೂರು ಬಾಗಿಲುಗಳೂ ಒಂದರೊಳಗೊಂದು ಕರಗಿ, ನ್ಯಾಯದ ಮನೆಯಿದ್ದಲ್ಲಿ ಒಂದು ಮೃಗ ಕುಳಿತಿತ್ತು. ಗೂಳಿಯ ಮೈ, ಕಪ್ಪೆಯ ಮುಖ, ಕಣ್ಣಿಲ್ಲ, ಕಿವಿಯಿಲ್ಲ, ಕೋಟೆಬಾಗಿಲಿನಷ್ಟು ಬಾಯಿ. ಜನ ಅದನ್ನು ದೊಡ್ಡಬಾಯಿ ಎಂದು ಕರೆದರು.

ದೊಡ್ಡಬಾಯಿ ಪ್ರಶ್ನೆ ಕೇಳುತ್ತಿರಲಿಲ್ಲ. ತಪ್ಪು ಕಂಡವರು ಬಂದು ಬೆರಳು ತೋರಿಸಿದರೆ ಸಾಕು, ನುಂಗುತ್ತಿತ್ತು. ನುಂಗಿದವರು ಅದರ ಬೆನ್ನ ಹಿಂದೆ ಕಲ್ಲುಕಂಬವಾಗಿ ಎದ್ದು ನಿಲ್ಲುತ್ತಿದ್ದರು. ಮೊದಲ ಕಂಬ ಪೂವಣ್ಣ. ಆ ಕಂಬಗಳ ಮೇಲೆ ಧೂಮಜಟಿ ತನಗಾಗಿ ಒಂದು ಮಹಾಮಂಟಪ ಕಟ್ಟಿಸತೊಡಗಿದ. ಮಂಟಪ ಪೂರ್ಣವಾದ ದಿನ ಅವನಿಗೆ ಸಾವಿಲ್ಲ. ಊರಿನ ಕಲ್ಲುಕುಟಿಗರನ್ನು ಹಿಡಿದು ತಂದು, ಕಂಬಗಳಿಗೆ ಬಳ್ಳಿ ಕೆತ್ತಿಸಿದ, ಹಂಸ ಕೆತ್ತಿಸಿದ, ಸಿಂಹದ ಮುಖ ಕೆತ್ತಿಸಿದ. ಕುಟಿಗರು ಅಳುತ್ತಾ ಕೆತ್ತಿದರು.

ರಾಜ ಇದ್ಯಾವುದನ್ನೂ ನೋಡಲಿಲ್ಲ. ಅವನು ಬೆಟ್ಟದ ತೋಟಕ್ಕೆ ಹೋಗಿ ಬಾವಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಧೂಮಜಟಿ ಗಿಳಿ, ಕರಡಿ, ಹುಲಿ ಮೂರಕ್ಕೂ ಮಂತ್ರದ ಕಟ್ಟು ಹಾಕಿ ಬೆಟ್ಟದ ದಾರಿಯಲ್ಲಿ ಕಾವಲಿಟ್ಟ. ರಾಜನ ಕಿವಿಗೆ ಯಾವ ಸುದ್ದಿಯೂ ಬೀಳದಂತಾಯಿತು.

ಆ ಊರಿನ ಒಂದು ಕೇರಿಯಲ್ಲಿ ಹಗ್ಗ ಹೊಸೆಯುವವರಿದ್ದರು. ಅವರಲ್ಲಿ ಹಾಲವ್ವ ಎಂಬ ಹೆಂಗಸು. ಅವಳ ಗಂಡ ಬಿಲ್ಲಯ್ಯ, ತಮ್ಮ ದ್ಯಾವ. ಮೂವರೂ ಸೇರಿ ಹೊಸೆದ ಹಗ್ಗ ಆನೆ ಎಳೆದರೂ ಕಡಿಯುವುದಿಲ್ಲ ಎಂದು ಹೆಸರಾಗಿತ್ತು.

ಒಮ್ಮೆ ಹಗ್ಗದ ರಾಟೆ ಮುರಿಯಿತು. ದ್ಯಾವ ರಾಜನ ಕಾಡಿಗೆ ಹೋಗಿ ಒಂದು ಹೊರೆ ಬಿದಿರು ಕಡಿದು ತಂದ. ಕಾಡಿನ ಕಾವಲುಗಾರ ನೋಡಿದ. ಮನೆಗೆ ಬಂದು, ಬೆರಳು ತೋರಿಸಲು ಅವನನ್ನು ದೊಡ್ಡಬಾಯಿಯ ಮುಂದೆ ಎಳೆದೊಯ್ದ.

ಹಾಲವ್ವ ಬೀದಿಯ ಉದ್ದಕ್ಕೂ ತಮ್ಮನ ಕೈ ಹಿಡಿದು ಓಡಿದಳು. "ಬಿದಿರು ತಾನೆ ಅಣ್ಣಾ! ವಾಪಸು ಕೊಡುತ್ತೇವೆ, ಎರಡು ಹೊರೆ ಕೊಡುತ್ತೇವೆ!" ಎಂದು ಕೂಗಿದಳು.

ಕಾವಲುಗಾರ ತಲೆಯೆತ್ತಲಿಲ್ಲ. "ತಾಯಿ, ಕಂಡೂ ತೋರಿಸದಿದ್ದರೆ ಅದೂ ತಪ್ಪು. ನನ್ನನ್ನೂ ನುಂಗುತ್ತದೆ" ಎಂದ.

ದ್ಯಾವ ಬಾಯಿಯ ಅಂಚಿನಲ್ಲಿ ನಿಂತು, "ಅಕ್ಕಾ, ರಾಟೆ ಕಟ್ಟಿಟ್ಟಿದ್ದೇನೆ, ಬಿಗಿ ನೋಡಿಕೋ" ಎಂದ. ಅಷ್ಟೇ. ಹಿಂದೆ ಹೊಸ ಕಂಬವೊಂದು ಎದ್ದಿತು.

ಮೊದಮೊದಲು ಜನ ಹೆದರಿ ನೆಟ್ಟಗಿದ್ದರು. ಆಮೇಲೆ ಕಳ್ಳರು ಯೋಚಿಸತೊಡಗಿದರು. ಕದ್ದರೂ ಅದೇ ಬಾಯಿ, ಕೊಂದರೂ ಅದೇ ಬಾಯಿ. ಕಂಡವನು ಬದುಕಿದರೆ ತಾನೆ ಬೆರಳು ತೋರಿಸುವುದು? ಹೀಗೆ ಕೋಳಿ ಕದ್ದವನು ಕೊಲೆ ಮಾಡಿದ. ತೆಂಗಿನಕಾಯಿ ಕದ್ದವನು ಕೊಲೆ ಮಾಡಿದ. ಹಿಂದೆ ವರ್ಷಕ್ಕೊಮ್ಮೆಯೂ ಕೇಳದಿದ್ದ ಕೊಲೆಯ ಸುದ್ದಿ ಈಗ ವಾರಕ್ಕೊಮ್ಮೆ ಕೇಳಿಬಂತು.

ಹಾಲವ್ವನ ಕೇರಿಯಲ್ಲೇ ಸಣ್ಣೀರನೆಂಬ ಬಡವನಿದ್ದ. ಹೆಂಡತಿ, ಎರಡು ಮಕ್ಕಳು. ಹಸಿವು ತಾಳದೆ ಒಂದು ಮಧ್ಯಾಹ್ನ ಅವನು ಬಾಗಿಲು ತೆರೆದಿದ್ದ ಹಾಲವ್ವನ ಮನೆ ಹೊಕ್ಕು ಮಡಕೆಯಿಂದ ಅಕ್ಕಿ ತುಂಬಿಕೊಳ್ಳುತ್ತಿದ್ದ. ಬಿಲ್ಲಯ್ಯ ಒಳಗೆ ಬಂದ. ಹಾಲವ್ವ ಕೆರೆಯಿಂದ ಮರಳುವಾಗ ಗಂಡ ಹೊಸ್ತಿಲ ಮೇಲೆ ಬಿದ್ದಿದ್ದ, ತಲೆಯ ಬಳಿ ಒರಳುಕಲ್ಲಿನ ಗುಂಡು. ಅವನಿಗಿನ್ನೂ ಉಸಿರಿತ್ತು.

"ಸಣ್ಣೀರ" ಎಂದ ಅವನು. "ಯಾರಿಗೂ ಹೇಳೋದಿಲ್ಲ, ತಗೊಂಡು ಹೋಗೋ ಅಂದೆ ಹಾಲೂ. ಅವನು ನಂಬಲಿಲ್ಲ."

ಹಾಲವ್ವ ಗಂಡನನ್ನು ಮಣ್ಣುಮಾಡಿದಳು. ಸಣ್ಣೀರ ಊರು ಬಿಟ್ಟು ಓಡಿಹೋಗಿದ್ದ. ಅವಳು ಮಂಟಪದ ಹಿಂದೆ ಹೋಗಿ ದ್ಯಾವನ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಳು. ಊಟವಿಲ್ಲ, ಮಾತಿಲ್ಲ. ಕುಟಿಗನೊಬ್ಬ ಉಳಿ ಹಿಡಿದು ಬಂದು, "ತಾಯಿ, ಸ್ವಲ್ಪ ಸರಿ, ಇಲ್ಲಿ ಬಳ್ಳಿ ಕೆತ್ತಬೇಕು" ಎಂದಾಗ ಮಾತ್ರ ಎದ್ದಳು. ಎದ್ದು ಬಾವಿ ಹುಡುಕಿಕೊಂಡು ಹೊರಟಳು.

ಊರ ಹೊರಗೆ, ಪಾಳುಬಿದ್ದ ಕುಂಬಾರನ ಆವಿಗೆಯ ಹತ್ತಿರ, ಯಾರೋ ಅವಳ ಸೆರಗು ಹಿಡಿದರು. ಕಣ್ಣು ಕಾಣದ ಮುದುಕಿ. ಜಕ್ಕಬ್ಬೆ.

"ಹೆಜ್ಜೆಯ ಸದ್ದಲ್ಲೇ ತಿಳಿಯುತ್ತದೆ ಮಗಳೇ, ಸಾಯಲು ಹೋಗುತ್ತಿದ್ದೀಯ. ಏನಾಯಿತು?"

ಎಷ್ಟೋ ಕಾಲದ ಮೇಲೆ ಆ ಪ್ರಶ್ನೆ ಕಿವಿಗೆ ಬಿದ್ದಿತು. ಹಾಲವ್ವ ಕುಸಿದು ಕುಳಿತು ಎಲ್ಲ ಹೇಳಿದಳು. ಜಕ್ಕಬ್ಬೆ ಕೇಳಿ, "ಮಾಯೆಗೆ ಜೀವ ಕೊಟ್ಟದ್ದು ರಾಜನ ಮಾತು. ದೊಡ್ಡಬಾಯಿಯ ಮುಂದೆ ನಿಂತು ರಾಜನೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಬೇರೆ ದಾರಿಯಿಲ್ಲ" ಎಂದಳು.

"ನೀವೇ ಹೋಗಿ ಹೇಳಬಾರದೇ?"

"ನಾನು ಒಮ್ಮೆ ಹೇಳಿ ಸೋತವಳು. ಏನೂ ಕಳೆದುಕೊಳ್ಳದವರ ಮಾತು ಅವನಿಗೆ ಕೇಳಿಸುವುದಿಲ್ಲ. ನೀನು ಹೋಗು. ದಾರಿಯಲ್ಲಿ ಮೂರು ಕಾವಲು ಪ್ರಾಣಿ. ಮೂರೂ ನಿನಗೆ ಕೆಡುಕು ಮಾಡಿ, ಏನು ಶಿಕ್ಷೆ ಎಂದು ಕೇಳುತ್ತವೆ. ಹೆಚ್ಚು ಹೇಳಿದರೆ ಕಲ್ಲಾಗುತ್ತೀಯ. ಕಡಿಮೆ ಹೇಳಿದರೂ ಕಲ್ಲಾಗುತ್ತೀಯ."

"ಕಲ್ಲಾದರೆ ಆಗಲಿ" ಎಂದಳು ಹಾಲವ್ವ. ಅವಳಿಗೆ ಹೆದರಲು ಏನೂ ಉಳಿದಿರಲಿಲ್ಲ.

ಮುದುಕಿ ಕೊಟ್ಟ ಎರಡು ರೊಟ್ಟಿ ಕಟ್ಟಿಕೊಂಡು ಅವಳು ಬೆಟ್ಟ ಹತ್ತಿದಳು. ದಾರಿಯ ಇಕ್ಕೆಲದಲ್ಲೂ ಮನುಷ್ಯಾಕಾರದ ಕಲ್ಲುಗಳು. ಒಂದೊಂದರ ಮುಖದಲ್ಲೂ ಸಿಟ್ಟು, ಒಂದೊಂದರ ಬಾಯಿಯೂ ತೆರೆದಿತ್ತು. ಹಸಿವಾಗಿ, ಒಂದು ಮರದಡಿ ಕುಳಿತು ಗಂಟು ಬಿಚ್ಚಿದಳು. ಹಸಿರು ಗಿಳಿಯೊಂದು ಸುಯ್ಯನೆ ಇಳಿದು ರೊಟ್ಟಿಗಳನ್ನು ಕಚ್ಚಿ ಪ್ರಪಾತಕ್ಕೆ ಎಸೆಯಿತು.

"ರೊಟ್ಟಿ ಎಸೆದೆ!" ಎಂದಿತು ಗಿಳಿ. "ನನಗೇನು ಶಿಕ್ಷೆ?"

ಹಾಲವ್ವನ ಕೈ ತಾನಾಗಿ ಒಂದು ಕಲ್ಲನ್ನು ಹಿಡಿಯಿತು. ಸಾಯಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಊರಲ್ಲಿ ಈಗ ಎಲ್ಲರ ನಾಲಗೆಯ ಮೇಲೂ ಅದೊಂದೇ ಮಾತು. ಅವಳ ಕಾಲು ಪಾದದಿಂದ ಕಲ್ಲಾಗತೊಡಗಿತು. ತಣ್ಣಗೆ ಏರಿ ಬರುವ ಆ ಭಾರ ಅವಳಿಗೆ ಹಿತವೆನಿಸಿತು. ಇಲ್ಲೇ ಹೀಗೇ ನಿಂತುಬಿಟ್ಟರೆ ಮುಗಿಯಿತಲ್ಲ? ಆಗ ದ್ಯಾವನ ನೆನಪಾಯಿತು. ಅವನನ್ನು ಕಲ್ಲು ಮಾಡಿದ್ದೂ ಇಂಥದ್ದೇ ಒಂದು ಮಾತು ತಾನೆ?

"ರೊಟ್ಟಿ ಹೋದರೆ ಒಂದು ಹೊತ್ತು ಉಪವಾಸ" ಎಂದಳು ಕಷ್ಟಪಟ್ಟು. "ನನ್ನ ಹಸಿವಿಗೆ ನೀನು ಹಣ್ಣು ತಂದುಕೊಡು. ಇನ್ನು ಯಾರ ಬುತ್ತಿಗೂ ಬಾಯಿ ಹಾಕಬೇಡ."

ಕಾಲಿನ ಕಲ್ಲು ಇಳಿಯಿತು. ಗಿಳಿ ಅತ್ತಿಹಣ್ಣು ತಂದು ಅವಳ ಮಡಿಲಿಗೆ ಹಾಕಿತು. "ತಪ್ಪಿನಷ್ಟೇ ಹೇಳಿದೆ. ಹೋಗು" ಎಂದಿತು.

ಮುಂದೆ ದಾರಿ ಇಕ್ಕಟ್ಟಾಯಿತು. ಮೇಲಿನ ಬಂಡೆಯ ಮೇಲೆ ಕರಡಿಯೊಂದು ಜೇನು ಹುಡುಕುತ್ತಾ ತಿರುಗಾಡುತ್ತಿತ್ತು. ಅದರ ಕಾಲು ತಗುಲಿ ಒಂದು ಗುಂಡು ಉರುಳಿ ಬಂದು ಹಾಲವ್ವನ ಪಾದದ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು.

ಕರಡಿ ಗಾಬರಿಯಿಂದ ಇಳಿದು ಬಂತು. "ನೋಡಲಿಲ್ಲ ತಾಯಿ, ನಾನು ನೋಡಲೇ ಇಲ್ಲ. ನನಗೇನು ಶಿಕ್ಷೆ?"

ಹಾಲವ್ವ ನೋವಿನಿಂದ ಹುಲ್ಲು ಕಚ್ಚಿದಳು. ಇದನ್ನು ಬೇಯಿಸಿದರೂ ಸಾಲದು ಎನಿಸಿತು. ಮರುಕ್ಷಣ, ಪಾಪ, ಬೇಕೆಂದು ಮಾಡಿದ್ದಲ್ಲವಲ್ಲ, ಹೋಗಲಿ ಎಂದುಬಿಡಲೇ ಎನಿಸಿತು. ಎರಡು ಯೋಚನೆಗೂ ಮೈ ಕಲ್ಲಾಗುತ್ತಾ ಬಂತು, ಮೊದಲನೆಯದಕ್ಕೆ ಮೊಣಕಾಲಿನವರೆಗೆ, ಎರಡನೆಯದಕ್ಕೆ ಸೊಂಟದವರೆಗೆ.

"ನನ್ನ ಕಾಲು ಮುರಿಯಬೇಕೆಂದು ನಿನಗಿರಲಿಲ್ಲ" ಎಂದಳು. "ಆದರೆ ಕೆಳಗೆ ದಾರಿಯಿದೆ, ಜನ ನಡೆಯುತ್ತಾರೆ. ನೀನು ನೋಡಬೇಕಿತ್ತು. ನನ್ನ ಕಾಲು ನೆಲ ಮುಟ್ಟುವವರೆಗೆ ನೀನೇ ನನ್ನ ಕಾಲು. ನನಗೆ ಎಲ್ಲಿಗೆ ಬೇಕೋ ಅಲ್ಲಿಗೆ ಹೊತ್ತು ನಡೆ. ಇದು ಕಡಿಮೆ ದಿನದ ಮಾತಲ್ಲ, ತಿಳಿದುಕೋ."

ಕಲ್ಲು ಇಳಿಯಿತು. ಕರಡಿ ಬೆನ್ನು ಬಗ್ಗಿಸಿತು. "ತಪ್ಪಿನಷ್ಟೇ ಹೇಳಿದೆ. ಏರು" ಎಂದಿತು.

ತೋಟದ ಹೊರಗೋಡೆಯ ಹತ್ತಿರ ಒಂದು ಗುಹೆ. ಗುಹೆಯ ಬಾಯಲ್ಲಿ ಹುಲಿ ಮಲಗಿತ್ತು. ಹಾಲವ್ವನನ್ನು ಕಂಡು ಎದ್ದು ಬದಿಗೆ ಸರಿಯಿತು. "ನಾನು ನಿನಗೆ ಕೆಡುಕು ಮಾಡುವುದಿಲ್ಲ. ಆಗಲೇ ಆಗಿದೆ" ಎಂದಿತು. ಗುಹೆಯೊಳಗೆ ಮೂಳೆ ಚಕ್ಕಳವಾಗಿ ಸಣ್ಣೀರ ಕುಳಿತಿದ್ದ.

"ಅಕ್ಕಾ" ಎಂದು ಅವನು ಮಂಡಿಯೂರಿದ. "ಗಿಳಿಗೆ ಹೇಳಿದ್ದು ಕೇಳಿಸಿತು, ಕರಡಿಗೆ ಹೇಳಿದ್ದು ಕೇಳಿಸಿತು. ನೀನು ಕರುಣೆಯುಳ್ಳವಳು. ನನ್ನ ಮಕ್ಕಳ ಮುಖ ನೋಡು."

ಕರಡಿಯ ಬೆನ್ನ ಮೇಲಿಂದಲೇ ಹಾಲವ್ವ ಅವನನ್ನು ನೋಡಿದಳು. ಅವನ ಮಕ್ಕಳನ್ನು ಅವಳು ಎತ್ತಿ ಆಡಿಸಿದ್ದಳು.

"ಏನಾಯಿತು?" ಎಂದು ಕೇಳಿದಳು.

"ಹಸಿವಾಗಿತ್ತು. ಅಕ್ಕಿ ತೆಗೆದೆ. ಅಣ್ಣ ಬಂದ."

"ತಿಳಿದು ಮಾಡಿದೆಯಾ?"

ಅವನು ಅತ್ತ. "ಅಣ್ಣ ಹೇಳೋದಿಲ್ಲ ಅಂದ. ನಿಜವೇ ಹೇಳುತ್ತಿದ್ದಾನೆ ಅಂತ ನನಗೂ ಅನ್ನಿಸಿತು. ಆದರೂ ಕಲ್ಲೆತ್ತಿದೆ. ಬಿದಿರಿನ ಬಾಗಿಲು ಇದ್ದಿದ್ದರೆ ನಾನೇ ಹೋಗಿ ನಿಲ್ಲುತ್ತಿದ್ದೆ ಅಕ್ಕಾ, ದೇವರಾಣೆ. ಎರಡಕ್ಕೂ ಅದೇ ಬಾಯಿ ಅಲ್ಲವೇ?"

"ಸರಿಮಾಡಲು ಆಗುತ್ತದೆಯಾ?"

ಅವನು ಹಣೆಯನ್ನು ನೆಲಕ್ಕೆ ಇಟ್ಟ.

"ಹೇಳು" ಎಂದಿತು ಹುಲಿ, ಹಾಲವ್ವನತ್ತ ತಿರುಗಿ. "ಏನು ಶಿಕ್ಷೆ?"

"ಅಕ್ಕಿಗೆ ಬಿದಿರಿನ ಬಾಗಿಲು. ಹಸಿವು ನಿನ್ನ ಕೈಗೆ ಅಕ್ಕಿ ಕೊಟ್ಟಿತು ಸಣ್ಣೀರಾ, ಆ ಕಲ್ಲನ್ನು ಹಸಿವು ಕೊಡಲಿಲ್ಲ. ಅವನು ಸುಳ್ಳು ಹೇಳುವವನಲ್ಲ ಎಂದು ಗೊತ್ತಿದ್ದೂ ಎತ್ತಿದೆ." ಎಂದಳು ಹಾಲವ್ವ. "ಕಲ್ಲಿಗೆ ಕರಿಗಲ್ಲಿನ ಬಾಗಿಲು."

ಅವಳ ಮೈಯಲ್ಲಿ ಎಲ್ಲೂ ಕಲ್ಲು ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

"ತಪ್ಪಿನಷ್ಟೇ ಹೇಳಿದೆ" ಎಂದಿತು ಹುಲಿ. "ಈಗ ಆ ಬಾಗಿಲೇ ಇಲ್ಲ. ಅದು ಮತ್ತೆ ಬರುವ ದಿನದವರೆಗೆ ಇವನನ್ನು ನಾನು ಕಾಯುತ್ತೇನೆ."

ತೋಟ ಕಾಡಾಗಿತ್ತು. ಬಾವಿಯ ಮೆಟ್ಟಿಲ ಮೇಲೆ ಒಬ್ಬ ಮುದುಕ ಕುಳಿತಿದ್ದ. ಗಡ್ಡ ನೀರಿಗೆ ತಾಗುತ್ತಿತ್ತು. ಅವನು ಮುದುಕನಲ್ಲ, ರಾಜ ಮಣಿಕೇತ.

"ಯಾರು?" ಎಂದ ತಿರುಗದೆ.

"ಹಗ್ಗ ಹೊಸೆಯುವ ಹಾಲವ್ವ. ನನ್ನ ಗಂಡನನ್ನು ಕೊಂದರು."

ರಾಜ ತಿರುಗಿ ನೋಡಿದ. ಬಹಳ ದಿನಗಳ ಮೇಲೆ ಅವನು ಇನ್ನೊಬ್ಬರ ಮುಖ ನೋಡಿದ್ದು. "ಹಾಗಾದರೆ ನಿನಗೆ ಗೊತ್ತು" ಎಂದ. "ಬಾ, ಕುಳಿತುಕೋ."

ಕರಡಿ ಅವಳನ್ನು ಮೆಟ್ಟಿಲ ಮೇಲೆ ಇಳಿಸಿತು. ಬಾವಿಯಲ್ಲಿ ಪಾಚಿ ತೇಲುತ್ತಿತ್ತು. ಅವಳು ಅವನಿಗೆ ಊರಿನ ಕತೆಯೆಲ್ಲ ಹೇಳಿದಳು. ಬಿದಿರು ಕಡಿದ ದ್ಯಾವ ಕಂಬವಾದದ್ದು, ಗಂಡ ಸತ್ತದ್ದು, ಕಳ್ಳರೆಲ್ಲ ಕೊಲೆಗಾರರಾದದ್ದು, ಗುಹೆಯಲ್ಲಿ ಸಣ್ಣೀರ ಸಿಕ್ಕಿದ್ದು.

"ನಿನ್ನ ಗಂಡನ ಕೊಲೆಗಾರನಿಗೆ ಏನು ಹೇಳಿದೆ?" ಎಂದು ರಾಜ ಕೇಳಿದ.

"ಕರಿಗಲ್ಲಿನ ಬಾಗಿಲು ಎಂದೆ."

"ಮತ್ತೆ ಪೂವಣ್ಣನಿಗೆ ಕಬ್ಬಿಣದ ಬಾಗಿಲು ಸಾಕು ಎನ್ನಲು ಬಂದಿದ್ದೀಯ. ನನ್ನ ಮಗ ನಿನ್ನ ಗಂಡನಿಗಿಂತ ಚಿಕ್ಕವನೇ?"

"ನಿಮ್ಮ ಮಗ ಚಿಕ್ಕವನಲ್ಲ ಪ್ರಭು. ನಿಮ್ಮ ದುಃಖವೂ ಚಿಕ್ಕದಲ್ಲ. ಆದರೆ ನಮಗೆ ಎಷ್ಟು ನೋವಾಯಿತು ಎನ್ನುವುದು ಅವರು ಎಷ್ಟು ತಪ್ಪು ಮಾಡಿದರು ಎನ್ನುವುದಕ್ಕೆ ಅಳತೆಯಲ್ಲ. ಸಣ್ಣೀರ ನೋಡಿ ಹೊಡೆದ. ಪೂವಣ್ಣ ನೋಡಲಿಲ್ಲ."

"ನೋಡದವನು ನಿರಪರಾಧಿಯೇ?"

"ಅಲ್ಲ" ಎಂದಳು ಹಾಲವ್ವ. "ನೀವೂ ನೋಡಲಿಲ್ಲ. ಇಲ್ಲಿ ಕುಳಿತಿದ್ದಿರಿ. ಕೆಳಗೆ ನನ್ನ ತಮ್ಮ ಕಲ್ಲಾದ, ನನ್ನ ಗಂಡ ಹೋದ. ಹೀಗಾಗಲಿ ಎಂದು ನೀವು ಬಯಸಿದಿರಾ?"

"ಇಲ್ಲ!"

"ತಿಳಿದು ಮಾಡಿದಿರಾ?"

"ಇಲ್ಲ. ನನಗೆ ಗೊತ್ತೇ ಇರಲಿಲ್ಲ."

"ಗೊತ್ತು ಮಾಡಿಕೊಳ್ಳಬೇಕಿತ್ತು. ನೀವು ಅಗಳಿ ಹಾಕಲು ಮರೆತಿರಿ ಪ್ರಭು."

ರಾಜ ಮೆಲ್ಲನೆ ಎದ್ದ. "ನಿಜ" ಎಂದ. "ಪೂವಣ್ಣ ಮಾಡಿದಷ್ಟೇ ತಪ್ಪು ನಾನೂ ಮಾಡಿದ್ದೇನೆ. ತಪ್ಪೆಂದರೆ ತಪ್ಪು ಎಂದವನು ನಾನೇ. ಪೂವಣ್ಣ ಹೋದ ಬಾಯಿಗೆ ನಾನೂ ಹೋಗುತ್ತೇನೆ." ಹಾಗೆಂದು ಬೆಟ್ಟ ಇಳಿಯತೊಡಗಿದ. ಆ ನಡಿಗೆಯಲ್ಲಿ ಹಗುರವಿತ್ತು. ಮನೆಗೆ ಹೊರಟವನ ಹಾಗೆ ಹೋಗುತ್ತಿದ್ದ. ಹಾಲವ್ವ ಕರಡಿಯ ಬೆನ್ನೇರಿ ಅದನ್ನು ಅವನ ಹಿಂದೆ ಓಡಿಸಿದಳು.

ಊರ ಬೀದಿಯಲ್ಲಿ ಜನ ರಾಜನನ್ನು ಕಂಡು ಬಾಗಿಲು ತೆರೆದು ನಿಂತರು. ಯಾರೂ ಜಯಕಾರ ಹಾಕಲಿಲ್ಲ. ದೊಡ್ಡಬಾಯಿಯ ಮುಂದೆ ಧೂಮಜಟಿ ಕೈಕಟ್ಟಿ ಕಾಯುತ್ತಿದ್ದ.

"ಬಂದೆಯಾ ಮಹಾರಾಜ? ಮಂಟಪಕ್ಕೆ ಇನ್ನೊಂದೇ ಕಂಬ ಬಾಕಿ, ಕಿರೀಟ ಹೊತ್ತ ಕಂಬ. ಅಡಿಪಾಯ ಹಾಕಿದ ದಿನದಿಂದ ಅದು ನಿನ್ನದೇ ಜಾಗ" ಎಂದು ನಕ್ಕ.

ದೊಡ್ಡಬಾಯಿ ತೆರೆಯಿತು. ರಾಜ ಒಂದು ಕಾಲು ಒಳಗಿಟ್ಟ. ಹಾಲವ್ವ ಕರಡಿಯ ಬೆನ್ನಿಂದ ಧುಮುಕಿ, ಮುರಿದ ಕಾಲಲ್ಲಿ ತೆವಳಿ, ಅವನ ಉತ್ತರೀಯ ಹಿಡಿದಳು.

"ಬಿಡು ತಾಯಿ. ಇದು ನ್ಯಾಯ."

"ನ್ಯಾಯವಲ್ಲ, ಸುಖ!" ಎಂದು ಕೂಗಿದಳು. "ನನಗೆ ಗೊತ್ತಿಲ್ಲವೇ? ನಾನೂ ಬಾವಿ ಹುಡುಕಿಕೊಂಡು ಹೊರಟವಳೇ. ನಿಮ್ಮ ತಪ್ಪನ್ನು ದೊಡ್ಡದು ಮಾಡಿ ಅದರೊಳಗೆ ಮಲಗಿಬಿಡಬೇಕು ಎಂದಿದ್ದೀರಿ. ಅದು ಅಷ್ಟು ದೊಡ್ಡದಲ್ಲ! ಅದನ್ನು ಹೊತ್ತುಕೊಂಡು ಬದುಕಬೇಕು. ಹೇಳಿ, ಪೂವಣ್ಣ ನಿಮ್ಮ ಮಗನನ್ನು ಕೊಂದನೇ?"

ಧೂಮಜಟಿ, "ಕೊಂದ! ಹೇಳು, ಕೊಂದ ಎನ್ನು!" ಎಂದು ಅರಚಿದ. ದೊಡ್ಡಬಾಯಿಯ ಮೇಲ್ದವಡೆ ಇಳಿಯತೊಡಗಿತು.

"ಹೇಳಿ ಪ್ರಭು. ಕೊಂದನೇ?"

"ಇಲ್ಲ" ಎಂದ ರಾಜ. ಮೊದಲು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅವನು ತಲೆಯೆತ್ತಿ ಕೂಗಿದ. "ಇಲ್ಲ! ಅವನು ಮರೆತ. ಕೊಲ್ಲಲಿಲ್ಲ. ಅವನು ನನ್ನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾವಿನಕಾಯಿ ಕೀಳಿಸುತ್ತಿದ್ದವನು. ತಪ್ಪಿಗೆ ಚಿಕ್ಕದಿದೆ, ದೊಡ್ಡದಿದೆ. ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡೆ!"

ದೊಡ್ಡಬಾಯಿ ನಡುವಿಗೆ ಸೀಳಿಹೋಯಿತು. ಒಳಗೆ ಏನೂ ಇರಲಿಲ್ಲ, ಬರೀ ಸುಣ್ಣದ ಪುಡಿ. ಬೆನ್ನ ಹಿಂದಿನ ಕಂಬಗಳೆಲ್ಲ ಉಸಿರೆಳೆದುಕೊಂಡವು. ಧೂಮಜಟಿ ತನ್ನ ಮಂಟಪವನ್ನು ಉಳಿಸಿಕೊಳ್ಳಲು ಒಳಗೆ ಓಡಿದ. ಕಂಬಗಳಾಗಿದ್ದವರು ಜನರಾಗಿ ಹೊರಗೆ ಓಡಿಬಂದರು. ಹೊರಲು ಯಾರೂ ಇಲ್ಲದ ಚಾವಣಿ ಅವನ ಮೇಲೆ ಕುಸಿಯಿತು. ಧೂಳು ಇಳಿದಾಗ ಅವನು ಇರಲಿಲ್ಲ.

ಜನ ಅತ್ತರು, ನಕ್ಕರು, ತಮ್ಮವರನ್ನು ಹುಡುಕಿ ತಬ್ಬಿಕೊಂಡರು. ತಬ್ಬಿಕೊಂಡ ಮೇಲೆ ಒಬ್ಬೊಬ್ಬರಾಗಿ ಚೀರಿದರು. ಕಂಬದ ಮೇಲೆ ಕೆತ್ತಿದ್ದೆಲ್ಲ ಮೈಮೇಲೆ ಇತ್ತು. ಒಬ್ಬಳ ಬೆನ್ನಿನ ತುಂಬ ಹಂಸ. ಒಬ್ಬನ ಎದೆಯಲ್ಲಿ ಹೂವಿನಾಕಾರದ ಕುಳಿ. ದ್ಯಾವ ನಡೆದು ಬಂದ. ಬಳ್ಳಿ ಸುತ್ತಿಸಲು ಕುಟಿಗರು ಕಲ್ಲನ್ನು ಕೊರೆದು ತೆಗೆದಿದ್ದರು. ಅವನ ಬಲಗೈಯಲ್ಲಿ ಬೆರಳುಗಳಿರಲಿಲ್ಲ.

"ಅಕ್ಕಾ, ಭಾವ ಎಲ್ಲಿ?" ಎಂದು ಅವನು ಕೇಳಿದ.

ರಾಜ ಮೊದಲ ಕಂಬದ ಹತ್ತಿರ ಓಡಿದ್ದ. ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತಿದ್ದ ಕಂಬ ಅದು. ತಳದಿಂದ ತುದಿಯವರೆಗೆ ಎಂದೋ ಬಿರುಕು ಬಿಟ್ಟಿತ್ತು. ಪೂವಣ್ಣ ಮನುಷ್ಯನಾಗಲಿಲ್ಲ. ರಾಜ ಆ ಕಲ್ಲುಚೂರುಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡು, "ನೀನು ಕೊಲ್ಲಲಿಲ್ಲ, ನೀನು ಕೊಲ್ಲಲಿಲ್ಲ" ಎಂದು ಅವಕ್ಕೆ ಹೇಳುತ್ತಾ ಕುಳಿತ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಊರವರು ಮೂರು ಬಾಗಿಲುಗಳನ್ನು ಮತ್ತೆ ನಿಲ್ಲಿಸಿದರು. ಕರಡಿ ಹೊತ್ತು ತಂದ ಜಕ್ಕಬ್ಬೆ ತನ್ನ ಜಾಗದಲ್ಲಿ ಕುಳಿತಳು. ಮೊದಲು ಬಂದವನು ರಾಜ. ಅವಳು ಮೂರು ಪ್ರಶ್ನೆ ಕೇಳಿದಳು. ಅವನು ಕಿರೀಟ ಬಿಚ್ಚಿಟ್ಟು ಕಬ್ಬಿಣದ ಬಾಗಿಲು ಹೊಕ್ಕ. ತಲೆ ಪೂರ್ತಿ ಬೆಳ್ಳಗಾದ ಮೇಲೆ ಹೊರಗೆ ಬಂದು, ಮತ್ತೆ ಸಿಂಹಾಸನ ಏರದೆ, ಊರಿನ ಬಾವಿಗಳಿಗೆಲ್ಲ ಕದ ಮಾಡಿಕೊಡುತ್ತಾ ಬದುಕಿದ.

ಹುಲಿ ಸಣ್ಣೀರನನ್ನು ಕರೆತಂದಿತು. ಅವನು ಕರಿಗಲ್ಲಿನ ಬಾಗಿಲು ಹೊಕ್ಕ ದಿನ ಹಾಲವ್ವ ಅಲ್ಲಿಗೆ ಹೋಗಿದ್ದಳು. ಸಣ್ಣೀರನ ಹೆಂಡತಿ ಮಕ್ಕಳನ್ನು ಹಿಡಿದುಕೊಂಡು ನಿಂತಿದ್ದಳು. ಬಾಗಿಲು ಮುಚ್ಚಿತು. ಜನ ಚದುರಿದರು. ಹೆಂಗಸರಿಬ್ಬರೇ ಉಳಿದರು.

"ಈಗ ನಿನ್ನ ಹೊಟ್ಟೆ ತಣ್ಣಗಾಯಿತಾ?" ಎಂದು ಸಣ್ಣೀರನ ಹೆಂಡತಿ ಕೇಳಿದಳು.

"ಇಲ್ಲ" ಎಂದಳು ಹಾಲವ್ವ.

"ಮತ್ತೆ ಯಾಕೆ ಬೇಕಿತ್ತು?"

"ನನ್ನ ಗಂಡನ ಜೀವವೂ ಒಂದು ಹೊರೆ ಬಿದಿರೂ ಸಮ ಆಗಬಾರದು ಅಂತ" ಎಂದಳು.

ಇಬ್ಬರ ಮನೆಯೂ ಒಂದೇ ಕೇರಿಯಲ್ಲಿತ್ತು. ಹೋಗಲು ಬೇರೆ ದಾರಿಯಿರಲಿಲ್ಲ. ಇಬ್ಬರೂ ಜೊತೆಗೇ ನಡೆದರು. ಹಾಲವ್ವ ಕುಂಟುತ್ತಿದ್ದಳು. ಚಿಕ್ಕ ಮಗು ನಡೆಯಲಾರದೆ ಹಟ ಮಾಡಿದಾಗ ಯಾರ ಕೈಗೆ ಯಾರು ಕೊಟ್ಟರೋ, ಕೇರಿ ಬರುವ ಹೊತ್ತಿಗೆ ಅದು ಹಾಲವ್ವನ ಹೆಗಲ ಮೇಲೆ ನಿದ್ದೆ ಮಾಡಿತ್ತು.

ಆಮೇಲೆ ಕಂದರಾವತಿಯಲ್ಲಿ ಕಾಲಕಾಲಕ್ಕೆ ಮಳೆಯಾಯಿತು, ಬೆಳೆಯಾಯಿತು. ಕೊಲೆಯ ಸುದ್ದಿ ವಾರಕ್ಕೊಮ್ಮೆ ಕೇಳುವುದು ನಿಂತಿತು. ಕೆರೆಯ ಮೆಟ್ಟಿಲು ಗುಡಿಸುವವರು ಬಿಸಿಲನ್ನೂ ಜಕ್ಕಬ್ಬೆಯನ್ನೂ ಬೈಯುತ್ತಾ ಗುಡಿಸಿದರು, ಸಂಜೆಗೆ ಮನೆ ಸೇರಿದರು. ರಾಜ್ಯದ ಜನರೆಲ್ಲ ಸುಖವಾಗಿ ಬಾಳಿದರು. ಹಾಲವ್ವನೂ ಬಾಳಿದಳು.